ಹವೆ ಒಪ್ಪಿದರೆ

ದಸ್ತಗೀರ್ ಸಾಬರು ಕಟ್ಟಿಕೊಟ್ಟ
ಬೇಯಿಸಿದ ಕಡಲೆಕಾಯಿ
ತಿಂದು ಮುಗಿದ ಮೇಲೆ ಪೊಟ್ಟಣ ಬಿಡಿಸಿದೆ.
ಎಲ್ಲಿಯ ರದ್ದಿಯೋ, ಯಾರ ಮನೆಯ ಅಟ್ಟದ್ದೋ,
ವಿಮಾನಗಳ ವೇಳಾಪಟ್ಟಿ. ಒಂದೇ ಹಾಳೆ.
ಭೂಮಿಯ ನೆತ್ತಿಯ ಹತ್ತಿರ ಎರಡು ಊರು.
ಒಂದರ ಹೆಸರು ಉಪ್ಪುನೀರಿಗೆ ಕರಗಿ
ಕೊನೆಯ ಎರಡಕ್ಷರ ಉಳಿದಿದೆ,
ಇನ್ನೊಂದು ನನ್ನ ನಾಲಗೆಗೆ ಹೊರಳುವುದಿಲ್ಲ.
ದೂರ, ನಾನೂರ ಹನ್ನೆರಡು ಕಿಲೋಮೀಟರು.
ಹಾರುವ ಹೊತ್ತು, ಒಂದು ಗಂಟೆ ಹತ್ತು ನಿಮಿಷ.
ಮಂಗಳವಾರ, ಶುಕ್ರವಾರ.
ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ:
ಹವೆ ಒಪ್ಪಿದರೆ.

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷ
ಇದೇ ಕಿಟಕಿ, ಇದೇ ಕೆಮ್ಮುವ ಮೈಕು.
ಒಂದು ಗಂಟೆ ಹತ್ತು ನಿಮಿಷ ಎಂದರೆ
ನನಗೆ ನಾಗಮಂಗಲ.
ಚಿಕ್ಕಮರೀಗೌಡರ ಗಾಡಿಗೆ
ನಲವತ್ತು ಕಿಲೋಮೀಟರಿಗೆ ಹಿಡಿಯುವ ಹೊತ್ತು,
ಕಬ್ಬಿನ ಟ್ರಾಕ್ಟರು ಮುಂದೆ ಸಿಗದಿದ್ದರೆ,
ಡೇರಿಯ ಹುಡುಗ ಕ್ಯಾನು ಹಿಡಿದು ಓಡಿ ಬರದಿದ್ದರೆ,
ಬಸರಾಳಿನ ಟೀ ತೀರಾ ಸುಡದಿದ್ದರೆ.

ಹಾಳೆ ತೋರಿಸಿದೆ ಗೌಡರಿಗೆ.
ನಾನೂರು ಕಿಲೋಮೀಟರು, ಒಂದು ಸ್ಟಾಪಿಲ್ಲ ನೋಡಿ.
ಅವರು ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ,
‘ಸ್ಟಾಪಿಲ್ಲ ಅಂದ್ರೆ ಊರಿಲ್ಲ ಅಂತ.
ಊರೇ ಇಲ್ದಿದ್ ಮ್ಯಾಕೆ
ಅಷ್ಟ್ ದೂರ ಯಾಕೋಗಾದು, ಬುಡಿ ಸಾ.’
ಶೂನ್ಯ ಟಿಕೆಟ್ಟಿನ ಸುರುಳಿ ಮಿಷಿನ್ನಿಗೆ ತೂರಿಸುತ್ತ
ಕಂಡಕ್ಟರ್ ಸೌಭಾಗ್ಯಮ್ಮ ತಲೆ ಎತ್ತಲಿಲ್ಲ:
‘ಈ ಕಡೀಕೆ ಯಾರೋ ಬಸ್ರಿ ಇರ್ತಾಳೆ,
ಆ ಕಡೀಕೆ ಆಸ್ಪತ್ರೆ ಇರ್ತದೆ. ಇನ್ಯಾಕೆ?’

ಅಷ್ಟು ಹೊತ್ತೂ ಅದು ನನಗೆ ಬರೀ ಲೆಕ್ಕವಾಗಿತ್ತು.

ಮಂಗಳವಾರ ರಾತ್ರಿ. ಕೊನೆಯ ಗಾಡಿ ಒಂಬತ್ತು ಇಪ್ಪತ್ತು.
ಸೀಟಿ ಊದಿ ಕಳಿಸಿದ್ದೆ, ಒಂದು ನಿಮಿಷ ಆಚೀಚೆ ಇಲ್ಲ.
ಆ ಒಂದು ಹೆಮ್ಮೆ ನನ್ನದು, ಡಿಪೋದಲ್ಲೂ ಗೊತ್ತು.
ಒಂಬತ್ತು ಇಪ್ಪತ್ತಾರಕ್ಕೆ ಬಂದಳು,
ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ ದೊಡ್ಡಾಸ್ಪತ್ರೆಯ ಚೀಟಿ,
ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನು ಹಾಕಿತ್ತು.
‘ಹೊಸಕಟ್ಟೆ ಗೇಟ್‌ಗೆ ಎಷ್ಟೊತ್ತಾಯ್ತದಪ್ಪ?’
ಬಾಯಿ ತಾನೇ ಹೇಳಿತು: ಹದಿನಾಲ್ಕು ಕಿಲೋಮೀಟರು,
ಇಪ್ಪತ್ತೈದು ನಿಮಿಷ.
‘ಈಗ್ಲೇ ಹೊರಟ್ರೆ?’

ಆಮೇಲೆ ಹೇಳಿದೆ.
ಅವಳು ಬೈಯಲಿಲ್ಲ. ಮೂರನೇ ಪ್ಲಾಟ್‌ಫಾರಂ ಬೆಂಚಿಗೆ ಹೋಗಿ
ಫ್ಲಾಸ್ಕನ್ನು ಪಕ್ಕದಲ್ಲಿ, ಮಗುವಿನ ಹಾಗೆ, ಒರಗಿಸಿ ಕೂತಳು.
ಬೆಳಗಿನ ಗಾಡಿ ಐದು ನಲವತ್ತು.
ಹದಿನಾಲ್ಕು ಕಿಲೋಮೀಟರಿಗೆ
ಎಂಟು ಗಂಟೆ ಮೂವತ್ತೊಂಬತ್ತು ನಿಮಿಷ.
ಯಾವ ಹಾಳೆಯಲ್ಲೂ ಹಾಗೆ ಅಚ್ಚು ಹಾಕಿಲ್ಲ.
ಡ್ಯೂಟಿ ಮುಗಿಸಿ ಸೈಕಲ್ಲು ತೆಗೆವಾಗ
ಅವಳ ಕಡೆ ನೋಡದೆ ಹೋದೆ.

ಆ ಹಿಮದ ಊರಲ್ಲೂ ಒಬ್ಬ ಇರಬೇಕು,
ಕಿಟಕಿಯ ಹಿಂದೆ, ನನ್ನ ಸಂಬಳದವನು.
ಗಾಳಿಗೆ ಉಬ್ಬುವ ಬಟ್ಟೆಯ ಚೀಲ ನೋಡಿ
ಇವತ್ತು ಇಲ್ಲ ಎನ್ನುವವನು.
ಅವನೆದುರು ಬೆಂಚಿದೆಯೋ? ಬೆಂಚಿನ ಮೇಲೆ
ಶುಕ್ರವಾರದ ತನಕ ಕೂರುವವರು ಯಾರು?

ಇವತ್ತು ಶುಕ್ರವಾರ.
ಒಂಬತ್ತು ಇಪ್ಪತ್ತು. ಇಂಜಿನ್ನು ಗುರುಗುಟ್ಟುತ್ತಿದೆ.
ಸೀಟಿ ನನ್ನ ಬಾಯಲ್ಲಿದೆ, ಉಸಿರು ಬಂದಿಲ್ಲ.
‘ಸಾ, ಟೈಮಾಯ್ತು’ ಎಂದರು ಗೌಡರು.
ನಾನು ಗೇಟಿನ ಕಡೆ ನೋಡುತ್ತಲೇ,
ತಡೀರಿ, ಹವೆ ನೋಡ್ತಾ ಇದೀನಿ.
ಸೌಭಾಗ್ಯಮ್ಮ ಮುಸುಮುಸು ನಕ್ಕಳು.

ಯಾರೂ ಬರಲಿಲ್ಲ.
ಸಕ್ಕರೆ ಕಾರ್ಖಾನೆಯ ಮಡ್ಡಿವಾಸನೆ ಬಂತು,
ಒಂದು ನಾಯಿ ಬಂದು ಹೋಯಿತು.
ಒಂಬತ್ತು ಇಪ್ಪತ್ತಾರಕ್ಕೆ ಸೀಟಿ ಊದಿದೆ.
ಲಾಗ್ ಶೀಟಿನಲ್ಲಿ, ವಿಳಂಬ: ಆರು ನಿಮಿಷ.
ಕಾರಣದ ಕಾಲಮ್ಮಿನಲ್ಲಿ ಬರೆದೆ: ಹವೆ.
ಮೇಲೆ ಒಂದು ತುಣುಕು ಮೋಡವಿರಲಿಲ್ಲ.